ಗಾಳಿಗೆ ಬೆನ್ನು ತಿರುಗಿಸಿದ ಮನೆ

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಹೆರಿಬೆರ್ತೊ ಚಿಗ್ವಾಯ್ ಮೇಷ್ಟ್ರು ಮಗಳ ಬಾಡಿಗೆ ಮನೆಯ ಕನ್ನಡಿಯ ಮುಂದೆ ನಿಂತು ತಮ್ಮ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸುತ್ತಿದ್ದರು. ಮಣಿಕಟ್ಟು ಮುಳುಗುವವರೆಗೆ ಇಳಿಸಿ, ಕತ್ತಿಯನ್ನು ಒರೆಗೆ ಸೇರಿಸಿದ ಸೇನಾಪತಿಯ ಗತ್ತಿನಲ್ಲಿ ಹೆಂಡತಿಯ ಕಡೆ ತಿರುಗಿದರು.

"ನೋಡು ಮುದುಕಿ, ಇವತ್ತು ಸಂಜೆವರೆಗೆ ಈ ಕೈ ಹೊರಗೆ ಬರಲ್ಲ. ನೋಡ್ತೀನಿ, ತಲೆ ಆಡಿಸ್ತೀನಿ, ಮುಂದಕ್ಕೆ ಹೋಗ್ತೀನಿ. ಅಷ್ಟೇ!"

"ಮೂಗು ತುರಿಸಿದ್ರೆ?" ಎಂದು ಎದುವೀನಾ ಕೇಳಿದರು.

"ನೀನು ತುರಿಸ್ತೀಯ."

ಈ ಭೀಷಣ ಪ್ರತಿಜ್ಞೆಗೆ ಕಾರಣವಿತ್ತು. ಚಿಲೊಯೆ ದ್ವೀಪದ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರ ಕೈಗೆ ಒಂದು ಕಾಯಿಲೆ. ಸರಿಯಿಲ್ಲದ್ದು ಕಂಡರೆ ಅದು ಮೇಷ್ಟ್ರ ಅಪ್ಪಣೆಗೆ ಕಾಯದೆ ತಾನಾಗಿ ಎದ್ದು ಹೋಗುತ್ತಿತ್ತು. ಇವರು ಹೋಗಿಬಂದ ಮನೆಯ ಗಡಿಯಾರ ಸರಿಯಾದ ಹೊತ್ತು ತೋರಿಸುತ್ತಿತ್ತು, ಆದರೆ ಗಂಟೆ ಹೊಡೆಯುತ್ತಿರಲಿಲ್ಲ. ಭಾವಮೈದುನನ ಮದುವೆಯಲ್ಲಿ ಧ್ವನಿವರ್ಧಕದ ಗೊರಗೊರ ನಿಲ್ಲಿಸಿಕೊಟ್ಟರು. ಅದರ ಜೊತೆಗೆ ಹಾಡೂ ನಿಂತು, ಮದುಮಕ್ಕಳು ಬರೀ ಚಪ್ಪಾಳೆಗೆ ಕುಣಿಯಬೇಕಾಯಿತು. ಇಗರ್ಜಿಯ ಬಾಗಿಲು ಕಿರ್ರೆನ್ನುತ್ತದೆಂದು ಎಣ್ಣೆ ಬಿಟ್ಟು, ಪೂಜೆಗೆ ತಡವಾಗಿ ಬಂದವರು ಯಾರೆಂದು ಪಾದ್ರಿಗೆ ಇನ್ನೆಂದೂ ತಿಳಿಯದ ಹಾಗೆ ಮಾಡಿದವರೂ ಇವರೇ. ಈ ಒಂದು ರಿಪೇರಿಯನ್ನು ಮಾತ್ರ ಊರಿನವರು ಇಂದಿಗೂ ಕೊಂಡಾಡುತ್ತಾರೆ.

ಆದ್ದರಿಂದಲೇ ಮಗಳು ಪಿಲಾರ್ ಅಪ್ಪನನ್ನು ಕೂರಿಸಿಕೊಂಡು ಮಾತು ತೆಗೆದುಕೊಂಡಿದ್ದಳು. "ಅಪ್ಪ, ನಾಲ್ಕು ಗಂಟೆಗೆ ತೀರ್ಪುಗಾರರು ಬರ್ತಾರೆ. ಮುಟ್ಬೇಡ. ರಿಪೇರಿ ಮಾಡ್ಬೇಡ. ಯಾರಿಗೂ ಪಾಠ ಹೇಳ್ಬೇಡ. ನನಗೋಸ್ಕರ, ಒಂದೇ ಒಂದು ದಿನ."

ಪಿಲಾರ್ ವಾಸ್ತುಶಿಲ್ಪಿ. ವಾಲ್ಪಾರೈಸೊ ಬಂದರಿನ ಹಳೆಯ ಸರಕಿನ ಅಂಗಳದಲ್ಲಿ ಅಂತರರಾಷ್ಟ್ರೀಯ ವಾಸ್ತುಶಿಲ್ಪ ಪ್ರದರ್ಶನ ನಡೆಯುತ್ತಿತ್ತು. ಹೊಸ ಕಾಲದ ಕಟ್ಟಡ, ಬೀದಿ, ಚೌಕ, ಪಾರ್ಕು ಹೇಗಿರಬೇಕೆಂದು ನಾಲ್ಕು ಖಂಡಗಳ ಘಟಾನುಘಟಿಗಳು ಬಂದು ತೋರಿಸುತ್ತಿದ್ದರು. ಅವರ ನಡುವೆ ಪಿಲಾರಳದೂ ಒಂದು ಮನೆ. ಒಂದೇ ಕೋಣೆ, ಮೈಗೆಲ್ಲ ಮೀನಿನ ಹುರುಪೆಯ ಹಾಗೆ ಹೊದಿಸಿದ ಮರದ ಬಿಲ್ಲೆಗಳು. ಆ ಬಿಲ್ಲೆಗಳನ್ನು ಮೇಷ್ಟ್ರೇ ತಮ್ಮ ಹಿತ್ತಿಲ ಕೊಟ್ಟಿಗೆಯಿಂದ ಒಂದೂ ಸೀಳದ ಹಾಗೆ ಬಿಡಿಸಿ ಕಳಿಸಿದ್ದರು. ಗೆದ್ದ ಕೃತಿಗೆ ಗುಡ್ಡದ ಮೇಲಿನ ಚೌಕದಲ್ಲಿ ಖಾಯಂ ಜಾಗ. ಗೆದ್ದರೆ ಆ ಕೇರಿಯವರು ಹರಟಲು, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು, ಜಗಳ ಬಗೆಹರಿಸಲು ಒಂದು ಕೋಣೆ ಆಗುತ್ತದೆಂದು ಪಿಲಾರಳ ಆಸೆ. ಸೋತದ್ದನ್ನು ಮರುದಿನವೇ ಬಿಚ್ಚಿ, ಹಲಗೆ ಹಲಗೆಯಾಗಿ ಲಾರಿಗೆ ಎಸೆಯುತ್ತಾರೆ.

ಮನೆಯ ಅಡಿಯಲ್ಲಿ ಎರಡು ದಪ್ಪ ದಿಮ್ಮಿ, ಮುಂದೆ ಎರಡು ಹಗ್ಗ. ಚಿಲೊಯೆಯವರು ಜಾಗ ಬದಲಾಯಿಸುವಾಗ ಮನೆಯನ್ನು ಬಿಟ್ಟು ಹೋಗುವುದಿಲ್ಲ. ನೆರೆಹೊರೆಯವರನ್ನು ಕರೆದು ಮನೆಯನ್ನೇ ಎಳೆದುಕೊಂಡು ಹೋಗುತ್ತಾರೆ. ಈ ಎಳೆತಕ್ಕೆ ಮಿಂಗಾ ಎನ್ನುತ್ತಾರೆ. ಪ್ರದರ್ಶನದಲ್ಲಿ ಹಗ್ಗ ಬರೀ ನೆನಪಿಗೆ, ಅಲಂಕಾರಕ್ಕೆ. ಹಾಗೆಂದು ಪಿಲಾರ್ ತಿಳಿದಿದ್ದಳು.

ಮೊದಲ ಅರ್ಧ ದಿನ ಮೇಷ್ಟ್ರು ಗೆದ್ದರು! ಕೂತವರು ಮೆಲ್ಲಗೆ ಜಾರಿ ನೆಲಕ್ಕೆ ಬರುವಂತೆ ಮಾಡಿದ ಬೆಂಚೊಂದಿತ್ತು. ಮೇಷ್ಟ್ರ ಜೇಬು ಎರಡು ಸಲ ಅಲುಗಿತು, ಅಷ್ಟೇ. ಎಲ್ಲಿಗೂ ಹೋಗದೆ ಗಾಳಿಯಲ್ಲಿ ನಿಂತ ಸೇತುವೆಯೊಂದಿತ್ತು.

"ಪಾಪ, ಅರ್ಧಕ್ಕೇ ನಿಂತಿದೆ. ಗುತ್ತಿಗೆದಾರ ಓಡಿಹೋದ ಅಂತ ಕಾಣುತ್ತೆ," ಎಂದು ಎದುವೀನಾ ಮರುಗಿದರು.

ಅಂಗಳದ ಕೆಳತುದಿಯಲ್ಲಿ, ಸಮುದ್ರದ ಮಗ್ಗುಲಿಗೆ, ಬಿಳಿ ಗೆರೆ ಎಳೆದ ದೊಡ್ಡ ಚೌಕವಿತ್ತು. ಒಳಗೆ ಮುಷ್ಟಿಗಾತ್ರದ ದುಂಡುಗಲ್ಲುಗಳನ್ನು ಒಪ್ಪವಾಗಿ ಹರಡಿದ್ದರು. ಬೇರೇನೂ ಇಲ್ಲ. ಪಕ್ಕದಲ್ಲಿ ಕಪ್ಪು ಕೋಟಿನ ಉದ್ದನೆಯ ಮನುಷ್ಯ. ಸ್ವಿಟ್ಜರ್ಲೆಂಡಿನ ರೆಟೊ. ಇಲ್ಲಿನ ಭಾಷೆಯನ್ನು ಪುಸ್ತಕದಿಂದ ಕಲಿತು ಬಂದವನು.

"ಇಲ್ಲಿ ಏನು ಬರುತ್ತೆ ಸಾರ್?" ಎಂದರು ಮೇಷ್ಟ್ರು.

"ಏನೂ ಬರುವುದಿಲ್ಲ, ಮಾನ್ಯರೇ. ಇದೇ ಕೃತಿ. ಇದರ ನಾಮಧೇಯ 'ವಿರಾಮ'."

"ಅಂದ್ರೆ, ಖಾಲಿ ಜಾಗ."

"ಖಾಲಿ ಎನ್ನಲಾಗದು. ಇದು ಶೂನ್ಯದಿಂದ ಭರಿತವಾಗಿದೆ."

ಎದುವೀನಾಗೆ ತಡೆಯಲಾಗಲಿಲ್ಲ. "ಅಷ್ಟು ದೂರದಿಂದ ಏನೂ ತರದೆ ಬಂದ್ಯಾ ಮಗಾ? ಊಟ ಆದ್ರೂ ಮಾಡಿದ್ಯಾ?"

"ನಾನು ಮಧ್ಯಾಹ್ನದಲ್ಲಿ ಭೋಜಿಸುವುದಿಲ್ಲ, ತಾಯಿ."

"ನೋಡಿದ್ಯಾ?" ಎಂದು ಎದುವೀನಾ ಗಂಡನ ಮೊಣಕೈ ತಿವಿದರು. "ಹೊಟ್ಟೆ ಖಾಲಿ ಇದ್ರೆ ಇಂಥ ಯೋಚನೆಗಳೇ ಬರೋದು."

ಮಧ್ಯಾಹ್ನ ಗುಡ್ಡದ ಕಡೆಯಿಂದ ದಕ್ಷಿಣದ ಗಾಳಿ ಎದ್ದಿತು. ಬೇಸಿಗೆಯಲ್ಲಿ ದಿನಾ ಏಳುವಂಥದ್ದೇ. ಆದರೆ ವ್ಯವಸ್ಥಾಪಕರು ಎಲ್ಲ ಕೃತಿಗಳ ಮುಖವೂ ದಾರಿಯ ಕಡೆಗೇ ಇರಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ದಾರಿ ಇದ್ದದ್ದು ಗುಡ್ಡದ ಕಡೆ. ಗಾಳಿ ನೇರ ಪಿಲಾರಳ ಮನೆಯ ಬಾಗಿಲಿಗೇ ಬಂತು. ಬಾಗಿಲು ತೆರೆಯಿತು, ಧಡ್! ಮುಚ್ಚಿತು, ಧಡ್! ಒಳಗೆ ಬರಹೊರಟ ಹೆಂಗಸೊಬ್ಬಳ ಟೋಪಿಯನ್ನು ಕಚ್ಚಿಕೊಂಡು ಮುಚ್ಚಿತು. ಕೊನೆಗೆ ಪಿಲಾರ್ ಚಿಲಕಕ್ಕೆ ಹುರಿ ಸುತ್ತಿ ಬಾಗಿಲನ್ನು ಬಂದ್ ಮಾಡಿದಳು. ಬಂದವರು ಬೀಗ ಹಾಕಿದ ಮನೆಯನ್ನು ನೋಡುವ ಹಾಗೆ ನೋಡಿ ಹೋಗತೊಡಗಿದರು.

"ಮನೆ ತಿರುಗಿಸೋಕೆ ಕ್ರೇನ್ ಕೇಳಿದೀನಿ ಅಪ್ಪ, ನಾಳೆ ಬರುತ್ತಂತೆ," ಎಂದಳು ಪಿಲಾರ್. ಅವಳ ತುಟಿ ಒಣಗಿತ್ತು.

"ನಾಳೆ ಬಂದು ಏನು ಮಾಡುತ್ತೆ?"

"ಇನ್ನೇನು ಮಾಡುತ್ತೆ. ಲಾರಿಗೆ ಹಾಕುತ್ತೆ." ಅಷ್ಟರಲ್ಲಿ ವ್ಯವಸ್ಥಾಪಕರ ಔತಣಕ್ಕೆ ಹೊರಡುವ ಹೊತ್ತಾಯಿತು. "ತಪ್ಪಿಸೋ ಹಾಗಿಲ್ಲ. ತೀರ್ಪುಗಾರರ ಜೊತೆಗೇ ಬರ್ತೀನಿ. ಸ್ವಲ್ಪ ನೋಡ್ಕೊಂಡಿರು ಅಪ್ಪ."

ನೋಡಿಕೊಂಡಿರು! ಅವಳ ಲೆಕ್ಕದಲ್ಲಿ ಅದರ ಅರ್ಥ ಕುರ್ಚಿಯಲ್ಲಿ ಕೂತಿರು ಎಂದು.

ಅದೇ ಹೊತ್ತಿಗೆ ಗೇಟಿನಲ್ಲಿ ಬಸ್ಸು ನಿಂತಿತು. ಅದರಿಂದ ವಾಲ್ಪಾರೈಸೊದಲ್ಲಿರುವ ಚಿಲೊಯೆಯವರ ಸಂಘ ಇಳಿಯಿತು: ಮಗಳಿಗೆ ಚಪ್ಪಾಳೆ ತಟ್ಟಲೆಂದು ಮೇಷ್ಟ್ರೇ ಕರೆದಿದ್ದ ಮೂವತ್ತು ಮಂದಿ. ಹಡಗುಕಟ್ಟೆಯಲ್ಲಿ ದುಡಿದವರು, ಮೀನು ಮಾರುವ ಹೆಂಗಸರು, ಒಬ್ಬ ಅಕಾರ್ಡಿಯನ್‌ನವನು. ಮುಂದೆ ಸಂಘದ ಅಧ್ಯಕ್ಷ ಕ್ಯಾಪ್ಟನ್ ಬೆಲಿಸಾರಿಯೊ. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಸಣ್ಣ ದೋಣಿ ನಡೆಸಿದವರು. ಎಲ್ಲರೂ ಮನೆಯ ಮುಂದೆ ಬಂದು ನಿಂತರು. ದಿಮ್ಮಿ ನೋಡಿದರು. ಹಗ್ಗ ನೋಡಿದರು. ಬೆಕ್ಕಿನ ಮುಂದೆ ಹಾಲಿಟ್ಟು 'ಇದು ಬರೀ ನೆನಪಿಗೆ' ಎಂದರೆ ಹೇಗೆ!

"ಬಾಗಿಲು ಗಾಳಿಗೆ ಕೊಟ್ಟಿದಾರಲ್ಲ ಮೇಷ್ಟ್ರೇ," ಎಂದರು ಕ್ಯಾಪ್ಟನ್, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ.

"ಗೊತ್ತು."

"ಹಗ್ಗ ಇದೆ."

"ಕಾಣುತ್ತೆ."

"ನಾವೂ ಇದೀವಿ. ಆದ್ರೆ ಬೇಡದೆ ಎಳೆಯೋ ಹಾಗಿಲ್ಲ. ಯಾರು ಬೇಡ್ತಾರೆ?"

ಅದು ದ್ವೀಪದ ಕಟ್ಟಳೆ. ಮನೆಯವರು ಟೋಪಿ ತೆಗೆದು ಬೇಡಬೇಕು. ಬೇಡಿದ ಮೇಲೆ ಯಾರೂ ಇಲ್ಲವೆನ್ನುವಂತಿಲ್ಲ. ಮೇಷ್ಟ್ರು ಮುಚ್ಚಿದ ಬಾಗಿಲನ್ನು ನೋಡಿದರು. ತಾವು ಬಿಡಿಸಿ ಕಳಿಸಿದ ಬಿಲ್ಲೆಗಳನ್ನು ನೋಡಿದರು. ಬಲಗೈ ಜೇಬಿನಿಂದ ಹೊರಬಂತು.

"ಕೈ!" ಎಂದರು ಎದುವೀನಾ.

"ಟೋಪಿ ತೆಗೆಯೋಕೆ ಕಣೇ." ಟೋಪಿಯನ್ನು ಎದೆಗೆ ಹಿಡಿದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಕ್ಯಾಪ್ಟನ್ ಬೆಲಿಸಾರಿಯೊ, ನೆರೆಹೊರೆಯವರೇ! ನನಗೆ ಮನೆ ಇದೆ, ಬಲ ಇಲ್ಲ. ನಿಮಗೆ ಬಲ ಇದೆ. ದೇವರ ಹೆಸರಲ್ಲಿ ಬೇಡ್ತೀನಿ, ಎಳೆದುಕೊಡಿ."

"ಎಷ್ಟು ದೂರ?"

"ಎರಡೇ ಮೀಟರ್. ಈ ಮೂಲೆ ಅಷ್ಟು ಆಚೆ ಬಂದ್ರೆ ಬಾಗಿಲು ಗಾಳಿಗೆ ಓರೆ ಆಗುತ್ತೆ. ಪಿಲಾರ್ ಬರೋ ಹೊತ್ತಿಗೆ ಗೊತ್ತೂ ಆಗಲ್ಲ!"

"ಮುದುಕಾ, ಬೇಡ," ಎಂದರು ಎದುವೀನಾ.

"ಇದು ರಿಪೇರಿ ಅಲ್ಲ, ಭೌತಶಾಸ್ತ್ರ! ಮನೆ ಸಾವಿರದ ಎಂಟುನೂರು ಕಿಲೋ. ಮರ ಸಿಮೆಂಟಿನ ಮೇಲೆ ಜಾರುವಾಗ ಘರ್ಷಣೆಯ ಗುಣಾಂಕ ಸೊನ್ನೆ ದಶಾಂಶ ನಾಲ್ಕು. ಒಬ್ಬೊಬ್ಬರು ಇಪ್ಪತ್ತೈದು ಕಿಲೋದಷ್ಟು ಎಳೆದ್ರೆ ಇಪ್ಪತ್ತೊಂಬತ್ತು ಜನ ಬೇಕು."

"ನಾವು ಮೂವತ್ತು ಜನ."

"ಒಬ್ಬ ಅಕಾರ್ಡಿಯನ್ ನುಡಿಸ್ಲಿ."

ಲೆಕ್ಕ ಸರಿಯಾಗಿಯೇ ಇತ್ತು. ಒಂದು ಸಂಗತಿ ಮಾತ್ರ ಲೆಕ್ಕದಿಂದ ತಪ್ಪಿಸಿಕೊಂಡಿತ್ತು. ದಿಮ್ಮಿಗಳು ನೆಲಕ್ಕೆ ತಾಗಿರಲೇ ಇಲ್ಲ! ಮನೆಯನ್ನು ಅಂಗಳಕ್ಕೆ ತರುವಾಗ ಪಿಲಾರ್ ಅಡಿಯಲ್ಲಿ ಎಂಟು ಪುಟ್ಟ ಉಕ್ಕಿನ ಚಕ್ರಗಳನ್ನು ಹಾಕಿಸಿ, ಸುತ್ತ ಹಲಗೆ ಬಡಿದು ಮರೆಮಾಡಿದ್ದಳು. ಚಿಲೊಯೆಯ ಮನೆಗೆ ಚಕ್ರ ಹಾಕಿದ್ದು ಅಪ್ಪನಿಗೆ ಗೊತ್ತಾದರೆ ಪಾಠ ಒಂದು ವಾರ ನಡೆಯುತ್ತದೆಂಬ ಭಯ. ಹಲಗೆಯ ಸಂದಿಯಲ್ಲಿ ಮರದ ಎರಡು ತುಂಡುಗಳು ಇಣುಕುತ್ತಿದ್ದವು. "ಈ ಕಸ ಯಾಕಿಲ್ಲಿ?" ಎಂದು ಮೇಷ್ಟ್ರು ಅವೆರಡನ್ನೂ ಕಾಲಿನಿಂದ ಆಚೆ ತಳ್ಳಿದರು. ಚಕ್ರಕ್ಕೆ ಒತ್ತು ಕೊಟ್ಟಿದ್ದು ಅವೆರಡೇ. ಈಗ ಮನೆಯನ್ನು ತಡೆದಿದ್ದು ಹಗ್ಗ ಬಿಗಿಹಿಡಿದವರ ಕೈ ಮಾತ್ರ.

ಬೇಡಿದವನು ಹೊಸಿಲ ಮೇಲೆ ನಿಲ್ಲಬೇಕು, ಅದೂ ಕಟ್ಟಳೆಯೇ. ಮೇಷ್ಟ್ರು ಹುರಿ ಬಿಚ್ಚಿ, ಬಾಗಿಲು ತೆರೆದು, ಚೌಕಟ್ಟು ಹಿಡಿದು ನಿಂತರು. "ಹೆದರಬೇಡಿ! ಘರ್ಷಣೆಯಷ್ಟು ನಂಬಿಕಸ್ತ ಪ್ರಾಣಿ ಇನ್ನೊಂದಿಲ್ಲ. ನೀವು ಕೈಬಿಟ್ಟ ಕ್ಷಣ ಮನೆ ನಿಲ್ಲುತ್ತೆ!"

"ಎಳೀರಿ!" ಎಂದು ಕ್ಯಾಪ್ಟನ್ ಗುಡುಗಿದರು.

ಇಬ್ಬರು ಸಾಕಿದ್ದ ಕಡೆ ಇಪ್ಪತ್ತೊಂಬತ್ತು ಜನ ಎಳೆದರೆ ಏನಾಗಬೇಕೋ ಅದಾಯಿತು. ಹಗ್ಗ ಹಿಡಿದವರೆಲ್ಲ ಒಟ್ಟಿಗೆ ಅಂಗಾತ ಬಿದ್ದರು. ಮನೆ ಬುಗುರಿಯ ಹಾಗೆ ಅರ್ಧ ಸುತ್ತು ತಿರುಗಿ, ಬಾಗಿಲನ್ನು ಸಮುದ್ರಕ್ಕೆ ಮಾಡಿ, ಬೆನ್ನಿಗೆ ದಕ್ಷಿಣದ ಗಾಳಿ ತುಂಬಿಕೊಂಡು, ಇಳಿಜಾರು ಅಂಗಳದಲ್ಲಿ ಹೊರಟಿತು.

"ಕೈಬಿಡಿ!" ಎಂದರು ಮೇಷ್ಟ್ರು ಹೊಸಿಲಿನಿಂದ.

"ಬಿಟ್ಟು ಆಯ್ತು ಮೇಷ್ಟ್ರೇ! ನಿಲ್ಲಿಸಿ!"

"ನಿಲ್ಲಬೇಕು! ಇದು ನಿಲ್ಲಲೇಬೇಕು!"

"ಅದನ್ನ ಮನೆಗೆ ಹೇಳು!" ಎಂದು ಕೂಗುತ್ತ ಎದುವೀನಾ ಹಿಂದೆ ಓಡಿದರು.

ಮನೆಗೆ ಭೌತಶಾಸ್ತ್ರ ತಿಳಿದಿತ್ತು, ಮೇಷ್ಟ್ರ ಭಾಷೆ ತಿಳಿದಿರಲಿಲ್ಲ. ಜಾರುವ ಬೆಂಚಿನ ಮೇಲೆ ಎಂದೂ ಕೂರದವರು ಈಗ ಹತ್ತಿ ನಿಂತು ಜೀವ ಉಳಿಸಿಕೊಂಡರು. ಎಲ್ಲಿಗೂ ಹೋಗದ ಸೇತುವೆಗೆ ಜನ ನುಗ್ಗಿದರು. ಅದು ಮೊದಲ ಸಲ ಯಾರನ್ನೋ ಎಲ್ಲಿಗೋ ಮುಟ್ಟಿಸಿತು. "ಬಲಕ್ಕೆ! ಬಲಕ್ಕೆ!" ಎಂದು ಕ್ಯಾಪ್ಟನ್ ಅಭ್ಯಾಸಬಲದಿಂದ ಹಡಗಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಹಗ್ಗದ ತುದಿ ಸಿಕ್ಕವರು ಈಗ ಹಿಂದಕ್ಕೆ ಎಳೆಯುತ್ತ, ಎಮ್ಮೆಯ ಬಾಲ ಹಿಡಿದವರಂತೆ ಜಾರಿಕೊಂಡು ಬರುತ್ತಿದ್ದರು. ಪ್ರೇಕ್ಷಕರು ಇದು ಕಾರ್ಯಕ್ರಮವೆಂದೇ ತಿಳಿದು ಚಪ್ಪಾಳೆ ತಟ್ಟಿದರು. ನುಡಿಸೆಂದು ಹೇಳಿದ್ದಕ್ಕೆ ಅಕಾರ್ಡಿಯನ್‌ನವನು ನುಡಿಸುತ್ತಲೇ ಇದ್ದ. ನಿಲ್ಲಿಸೆಂದು ಯಾರೂ ಹೇಳಿರಲಿಲ್ಲ.

ಎದುರಿಗೆ ಸಮುದ್ರ. ಅದಕ್ಕೂ ಈಚೆ ಬಿಳಿ ಗೆರೆಯ ಚೌಕ. ಚೌಕದ ಪಕ್ಕ ರೆಟೊ.

"ಮಾನ್ಯರೇ!" ಎಂದು ಕೈ ಎತ್ತಿದ ರೆಟೊ. "ದಯವಿಟ್ಟು! ಇಲ್ಲಿ ಏನೂ ಇಲ್ಲ!"

ಮನೆ ಗೆರೆ ದಾಟಿತು. ಪುಟ್ಟ ಚಕ್ರಗಳು ದುಂಡುಗಲ್ಲಿನಲ್ಲಿ ಹೂತುಕೊಂಡವು. ಕರಕರ ಎಂದು, ಒಂದು ಸಲ ಮುಂದಕ್ಕೆ ವಾಲಿ, ಶೂನ್ಯದ ನಟ್ಟನಡುವೆ ಮನೆ ನಿಂತಿತು. ಮೇಷ್ಟ್ರು ಮಾತ್ರ ಜಡತ್ವದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಕೆಲವು ಹೆಜ್ಜೆ ಮುಂದೆ ಓಡಿ ರೆಟೊನ ಎದೆಗೆ ತಗುಲಿ ನಿಂತರು.

ಬಾಗಿಲು ತೆರೆದೇ ಇತ್ತು. ಅಲುಗಲಿಲ್ಲ.

ರೆಟೊ ಮೇಷ್ಟ್ರನ್ನು ನೆಟ್ಟಗೆ ನಿಲ್ಲಿಸಿ ಹೇಳಿದ, "ನನ್ನ ಶೂನ್ಯದೊಳಗೆ ಒಂದು ಗೃಹ ಪ್ರವೇಶಿಸಿದೆ."

"ಕ್ಷಮಿಸಪ್ಪಾ. ಈಗಲೇ ಹಿಂದಕ್ಕೆ ತಳ್ತೀವಿ," ಎಂದರು ಮೇಷ್ಟ್ರು. ಮೂವತ್ತು ಜನ ತಳ್ಳಿದರು. ಏರುದಾರಿ, ಹೂತ ಚಕ್ರ, ಎದುರುಗಾಳಿ. ಮನೆ ಮಿಸುಕಲಿಲ್ಲ. ಅಷ್ಟು ಹೊತ್ತು ಪರಾರಿಯಾಗಿದ್ದ ಘರ್ಷಣೆ ಈಗ ಬಂದು ಹಾಜರಿ ಹಾಕಿತ್ತು!

ಕ್ಯಾಪ್ಟನ್ ಬೆವರು ಒರೆಸಿಕೊಂಡು ಇನ್ನೊಂದು ಸಂಗತಿ ಎತ್ತಿದರು. "ಸರಿ ಮೇಷ್ಟ್ರೇ. ಮನೆ ಎಳೆದಾಯ್ತು. ಊಟ?"

ಬೇಡಿದವನೇ ಉಣಿಸಬೇಕು. ಉಣಿಸದಿದ್ದರೆ ಆ ಮನೆಯಲ್ಲಿ ಒಲೆ ಹತ್ತುವುದಿಲ್ಲವೆಂದು ದ್ವೀಪದಲ್ಲಿ ಹೇಳುತ್ತಾರೆ. ಮೇಷ್ಟ್ರು ಪ್ರದರ್ಶನದ ಕ್ಯಾಂಟೀನಿಗೆ ಓಡಿದರು. ಅಲ್ಲಿ ತಟ್ಟೆ ಮೊರದಷ್ಟು ಅಗಲ, ಅದರ ನಡುವೆ ಒಂದು ಎಲೆ, ಎಲೆಯ ಪಕ್ಕ ಒಂದು ಚುಕ್ಕೆ. ಬರಿಗೈಯಲ್ಲಿ ವಾಪಸ್ ಬಂದರು.

ಎದುವೀನಾ ಅಷ್ಟರಲ್ಲಿ ಸೊಂಟಕ್ಕೆ ಶಾಲು ಬಿಗಿದಾಗಿತ್ತು. ಅವರ ಕಣ್ಣು ರೆಟೊನ ದುಂಡುಗಲ್ಲಿನ ಮೇಲಿತ್ತು. ದ್ವೀಪದ ದೊಡ್ಡೂಟಕ್ಕೆ ಬೇಕಾದದ್ದು ಅದೇ: ಕಾದ ಕಲ್ಲಿನ ಮೇಲೆ ಚಿಪ್ಪುಮೀನು, ಮಾಂಸ, ಆಲೂಗಡ್ಡೆ ಪೇರಿಸಿ, ಎಲೆ ಮುಚ್ಚಿ, ಆವಿಯಲ್ಲಿ ಬೇಯಿಸುವ ಕುರಾಂತೊ.

"ಮಗಾ, ಈ ಕಲ್ಲಲ್ಲಿ ಸ್ವಲ್ಪ ತಗೊಳ್ಲಾ?"

"ತಾಯಿ, ಈ ಕಲ್ಲುಗಳು ಮೌನದ ಸಂಕೇತ."

"ಮೌನವಾಗೇ ಕಾಯಿಸ್ತೀನಿ."

ಮೀನು ಮಾರುವ ಹೆಂಗಸರು ಮಾರುಕಟ್ಟೆಗೆ ಓಡಿದರು. ಅವರಿಗೆ ಅಂಗಡಿಗಳ ಹಿಂಬಾಗಿಲೂ ಗೊತ್ತು. ಹಳೆಯ ಸರಕಿನ ಹಲಗೆಗಳು ಸೌದೆಯಾದವು. ಹೊಗೆ ಕಂಡು ಕಾವಲುಗಾರ ಬಂದ. "ಯಾರ ಅಪ್ಪಣೆ ಇದೆ?" ಎಂದು ಗದರಿದ. ಎದುವೀನಾ ಚೌಕದ ಮೂಲೆಯ ಫಲಕವನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ರೆಟೊನದೇ ಮಾತು: "ಈ ಜಾಗ ನಿಮ್ಮದು. ಬೇಕಾದುದನ್ನು ನೀವೇ ತನ್ನಿ." ಕಾವಲುಗಾರ ಎರಡು ಸಲ ಓದಿದ. ಆಮೇಲೆ ಟೋಪಿ ತೆಗೆದಿಟ್ಟು ಈರುಳ್ಳಿ ಹೆಚ್ಚಲು ಕೂತ.

ರೆಟೊನ ಕೈಗೂ ಒಂದು ಚಾಕು, ಒಂದು ಬುಟ್ಟಿ ಆಲೂಗಡ್ಡೆ ಬಂತು. ಅವನು ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ, ಒಂದೇ ಉದ್ದಕ್ಕೆ, ಒಂದೇ ಅಗಲಕ್ಕೆ ಸುಲಿದ. ಹೆಂಗಸರು ಗುಂಪುಗೂಡಿ ನೋಡಿ, "ಇವನು ಬರಿಗೈಲಿ ಬಂದಿಲ್ಲ ಕಣ್ರೇ," ಎಂದರು. ಮಧ್ಯಾಹ್ನ ಭೋಜಿಸದ ಆ ಮಹಾನುಭಾವ ಮೊದಲ ತಟ್ಟೆ ಖಾಲಿ ಮಾಡಿ, ಎರಡನೆಯದನ್ನು ತಾನಾಗಿಯೇ ಮುಂದೆ ಹಿಡಿದ.

ನಾಲ್ಕು ಗಂಟೆಗೆ ಪಿಲಾರ್ ಮೂವರು ತೀರ್ಪುಗಾರರೊಂದಿಗೆ ತನ್ನ ಜಾಗಕ್ಕೆ ಬಂದಳು. ಅಲ್ಲಿ ಎರಡು ಮರದ ತುಂಡುಗಳಿದ್ದವು. ಮನೆ ಇರಲಿಲ್ಲ.

"ಅಪ್ಪಾ!!"

ಆ ಕೂಗು ಅಂಗಳವನ್ನು ದಾಟಿ ಮೇಷ್ಟ್ರ ಗಂಟಲಲ್ಲಿದ್ದ ಆಲೂಗಡ್ಡೆಯನ್ನು ಅಲ್ಲೇ ನಿಲ್ಲಿಸಿತು. ಪಿಲಾರ್ ಓಡಿ ಬಂದಳು. ಕಣ್ಣಲ್ಲಿ ನೀರಿತ್ತು. "ಒಂದೇ ಒಂದು ದಿನ ಕೇಳಿದ್ದೆ. ಒಂದೇ ದಿನ!"

ಮೇಷ್ಟ್ರು ತಟ್ಟೆ ಕೆಳಗಿಟ್ಟರು. "ಬಾಗಿಲು ಹೊಡ್ಕೋತಿತ್ತು ಮಗಳೇ," ಎಂದರು ಸಣ್ಣ ದನಿಯಲ್ಲಿ.

"ನೀವಾದ್ರೂ ಯಾಕೆ ಎಳೆದ್ರಿ ಕ್ಯಾಪ್ಟನ್ ಮಾಮ?"

"ಬೇಡಿದ್ರಲ್ಲಮ್ಮ. ಎರಡೇ ಮೀಟರ್ ಅಂದ್ರು. ಎರಡು ಮೀಟರಿಗೆ ಯಾರು ಇಲ್ಲ ಅಂತಾರೆ?"

ಪಿಲಾರ್ ಮುಖ ತಿರುಗಿಸಿ ಮನೆಯ ಕಡೆ ನೋಡಿದಳು. ಒಳಗೆ ನೆಲದ ಮೇಲೆ ಜನ ಒತ್ತೊತ್ತಾಗಿ ಕೂತು ಉಣ್ಣುತ್ತಿದ್ದರು. ಒಂದು ಮೂಲೆಯಲ್ಲಿ ಗುರುತಿಲ್ಲದ ಅಜ್ಜಿಯೊಬ್ಬಳು ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಟೋಪಿ ಕಚ್ಚಿಸಿಕೊಂಡ ಹೆಂಗಸು ಹೊಸಿಲ ಮೇಲೆ ಚಿಪ್ಪುಮೀನು ಬಿಡಿಸುತ್ತಿದ್ದಳು. ಪಿಲಾರ್ ಕೈಯೆತ್ತಿ ಕಣ್ಣು ಒರೆಸಿಕೊಂಡು, ಮತ್ತೊಮ್ಮೆ ನೋಡಿದಳು.

ತೀರ್ಪುಗಾರರ ಮುಖ್ಯಸ್ಥೆ, ಮೆಕ್ಸಿಕೊದ ಬೆಳ್ಳಿಗೂದಲಿನ ಹೆಂಗಸು, ಒಂದು ಮ್ಯಾಪು ಬಿಡಿಸಿದರು. "ಈ ಚೌಕ 'ವಿರಾಮ' ಅಲ್ವಾ? ಖಾಲಿ ಇರಬೇಕಾದದ್ದು?" ಅವರ ಕೈಗೂ ಯಾರೋ ತಟ್ಟೆ ಕೊಟ್ಟರು. ಮೂವರೂ ಕಲ್ಲಿನ ಮೇಲೆ ಕೂತರು. ಉಂಡರು. ತಲೆಗೆ ತಲೆ ಕೊಟ್ಟು ಪಿಸುಗುಟ್ಟಿದರು. ಮೇಷ್ಟ್ರು ತಮ್ಮ ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೆ ಮಾಡಿದರು. ಎಲ್ಲೂ ತಪ್ಪು ಸಿಗಲಿಲ್ಲ; ಅದೇ ಹೆಚ್ಚು ನೋವು ಕೊಟ್ಟಿತು.

ಮುಖ್ಯಸ್ಥೆ ಎದ್ದು ಕೈ ಒರೆಸಿಕೊಂಡರು. "ಬೆಳಿಗ್ಗೆಯಿಂದ ಸಾರ್ವಜನಿಕ ಜಾಗಗಳನ್ನು ನೋಡ್ತಾನೇ ಇದೀವಿ. ಸಾರ್ವಜನಿಕರು ಕಂಡಿದ್ದು ಇಲ್ಲಿ ಮಾತ್ರ. ಬಹುಮಾನ 'ವಿರಾಮ'ಕ್ಕೆ!"

ಚಪ್ಪಾಳೆ ಬೀಳಲಿಲ್ಲ. ಅಕಾರ್ಡಿಯನ್ ಕೂಡ ನಿಂತಿತು. ಮಗಳ ಮನೆಯನ್ನು ಎಳೆದು ತಂದು ಸೊನ್ನೆಗೆ ಬಹುಮಾನ ಕೊಡಿಸಿದ್ದರು ಮೇಷ್ಟ್ರು! ಅವರು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡರು.

ರೆಟೊ ಎದ್ದು ನಿಂತ. ಗಲ್ಲದ ಮೇಲೆ ಆಲೂಗಡ್ಡೆ ಇತ್ತು. "ಮಾನ್ಯರೇ, ಸ್ವೀಕರಿಸುತ್ತೇನೆ. ಆದರೆ ತಾವು ಕಂಡ ಕೃತಿ ನನ್ನೊಬ್ಬನದಲ್ಲ. ಈ ಗೃಹವನ್ನು ತೆಗೆದರೆ ನನ್ನ ಶೂನ್ಯ ಅಪೂರ್ಣವಾಗುತ್ತದೆ. ಗುಡ್ಡದ ಮೇಲೆ ಇವೆರಡೂ ಒಟ್ಟಿಗೆ ನೆಲೆಸಬೇಕು. ಫಲಕದಲ್ಲಿ ಪಿಲಾರ್ ಅವರ ಹೆಸರು ಮೊದಲು, ನನ್ನದು ಅನಂತರ."

ಮುಖ್ಯಸ್ಥೆ ಉಳಿದಿಬ್ಬರ ಕಡೆ ನೋಡಿದರು. ಬಾಯಿ ತುಂಬಿದ್ದರಿಂದ ಅವರು ತಲೆಯಾಡಿಸಿದರು. ಆಗ ಬಿದ್ದ ಚಪ್ಪಾಳೆಗೆ ನಿದ್ದೆಯಲ್ಲಿದ್ದ ಅಜ್ಜಿಯೂ ಎದ್ದು, ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದಳು. ಎದುವೀನಾ ರೆಟೊನ ಗಲ್ಲವನ್ನು ಶಾಲಿನ ತುದಿಯಿಂದ ಒರೆಸಿದರು.

ಪಿಲಾರ್ ಅಪ್ಪನ ಪಕ್ಕದಲ್ಲಿ ಬಂದು ಕೂತಳು. "ಚಕ್ರ ಹಾಕಿದ್ದೆ ಅಪ್ಪ," ಎಂದಳು.

"ಈಗ ಗೊತ್ತಾಯ್ತು."

"ಪಾಠ ಮಾಡಲ್ವಾ?"

"ಇಲ್ಲ," ಎಂದರು ಮೇಷ್ಟ್ರು.

ವ್ಯವಸ್ಥಾಪಕ ಕೈ ಹಿಸುಕುತ್ತ ಬಂದ. "ಒಂದು ತೊಂದರೆ. ಗುಡ್ಡದ ಬೀದಿ ಇಕ್ಕಟ್ಟು, ಏರು ಬೇರೆ. ಕ್ರೇನ್ ಒಳಗೆ ಹೋಗಲ್ಲ. ಮನೆಯನ್ನ ಮೇಲಕ್ಕೆ ಹೇಗೆ ಸಾಗಿಸೋದು?"

ಮೂವತ್ತು ಜನ ಉಣ್ಣುವುದನ್ನು ನಿಲ್ಲಿಸಿದರು. ಅರವತ್ತು ಕಣ್ಣುಗಳು ಮೇಷ್ಟ್ರ ಕಡೆ ತಿರುಗಿದವು. ಮೇಷ್ಟ್ರು ಕಲ್ಲು ನೋಡಿದರು, ಆಕಾಶ ನೋಡಿದರು, ಎರಡೂ ಕೈಗಳನ್ನು ಜೇಬಿಗೆ ಇಳಿಸಿದರು.

ಪಿಲಾರ್ ಮೆಲ್ಲಗೆ ಕೈ ಚಾಚಿ ಅಪ್ಪನ ತಲೆಯ ಟೋಪಿ ತೆಗೆದುಕೊಂಡಳು. ಅದನ್ನು ಎದೆಗೆ ಹಿಡಿದು ಕ್ಯಾಪ್ಟನ್ ಬೆಲಿಸಾರಿಯೊ ಮುಂದೆ ಹೋಗಿ ನಿಂತಳು.

"ನೆರೆಹೊರೆಯವರೇ, ನನಗೆ ಮನೆ ಇದೆ, ಬಲ ಇಲ್ಲ. ದೇವರ ಹೆಸರಲ್ಲಿ ಬೇಡ್ತೀನಿ, ಎಳೆದುಕೊಡಿ."

ಕ್ಯಾಪ್ಟನ್ ತಟ್ಟೆ ಕೆಳಗಿಟ್ಟು, ಗುಡ್ಡದ ನೆತ್ತಿಯವರೆಗೆ ಹತ್ತಿ ಹೋದ ಬೀದಿಯನ್ನು ಕಣ್ಣು ಕಿರಿದಾಗಿಸಿ ನೋಡಿದರು. "ಎಷ್ಟು ದೂರ ಮಗಳೇ?"

ಪಿಲಾರ್ ತಿರುಗಿ ಅಪ್ಪನ ಮುಖ ನೋಡಿ ಹೇಳಿದಳು.

"ಎರಡೇ ಮೀಟರ್."